ಹೂವಿಡಲಿಕ್ಕಾಗದ ಪಿಂಗಾಣಿ

ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೆ ಯಾವ ವಸ್ತು ಕಂಡರೂ ಮೊದಲು ಹೊಳೆಯುವುದು ಒಂದೇ ಪ್ರಶ್ನೆ: ಇದನ್ನು ಅಡವಿಟ್ಟರೆ ಎಷ್ಟು ಬರುತ್ತೆ? ಒಸಾಕಾದಲ್ಲಿರುವ ಮಗಳು ಕಳೆದ ತಿಂಗಳು ಒಂದು ಫೋಟೊ ಕಳಿಸಿದಳು. ಗೋಡೆಗೆ ತೂಗುಹಾಕುವ ಪಿಂಗಾಣಿ ಶಿಲ್ಪ. ಹವಳದ ಹಾಗೆ, ಮಳೆಗಾಲದಲ್ಲಿ ಮರಕ್ಕೆ ಅಂಟಿದ ಅಣಬೆಯ ಹಾಗೆ ಏನೋ ಒಂದು. "ಅಪ್ಪಾ, ತಗೊಳ್ಳಲಾ? ಒಂದು ತಿಂಗಳ ಬಾಡಿಗೆಯಷ್ಟಾಗುತ್ತೆ" ಅಂತ ಕೇಳಿದ್ದಳು. ನಾನು "ಅದರಲ್ಲಿ ಹೂವಾದರೂ ಇಡಬಹುದಾ?" ಅಂತ ಬರೆದೆ. ಉತ್ತರ ಬರಲಿಲ್ಲ.

ಆಮೇಲೆ ಕುತೂಹಲಕ್ಕೆ ಒಂದಿಷ್ಟು ಓದಿದೆ. ನೋಡಿದರೆ ನನ್ನ ಪ್ರಶ್ನೆಯನ್ನು ಜಪಾನಿನವರೇ ಎಪ್ಪತ್ತು ವರ್ಷದ ಹಿಂದೆ ಕೇಳಿಕೊಂಡು ಮುಗಿಸಿದ್ದಾರೆ! ಅವರ ಸಾಂಪ್ರದಾಯಿಕ ಮನೆಯಲ್ಲಿ ಗೋಡೆಗೋ ಕಂಬಕ್ಕೋ ಹೂದಾನಿ ತೂಗುಹಾಕುವ ಪದ್ಧತಿ ಇದ್ದೇ ಇತ್ತು. ಆದರೆ ಅಲ್ಲಿ ಮಣ್ಣಿನ ಕೆಲಸ ಹೂವನ್ನು ಹಿಡಿದುಕೊಳ್ಳುವುದು, ಅಷ್ಟೇ. 1948ರಲ್ಲಿ ಕ್ಯೋಟೋದಲ್ಲಿ ಯಾಗಿ ಕಾಜುವೊ, ಸುಜುಕಿ ಒಸಾಮು, ಯಮಾದಾ ಹಿಕಾರು ಮೊದಲಾದವರು 'ಸೋದೇಯಿಶಾ' ಎಂಬ ಗುಂಪು ಕಟ್ಟಿದರು. 1954ರಲ್ಲಿ ಯಾಗಿ ಒಂದು ವಿಚಿತ್ರ ವಸ್ತು ಮಾಡಿದ. ಚಕ್ರದ ಮೇಲೆ ತಿರುಗಿಸಿದ ಬಳೆಯಂಥ ಆಕಾರ, ಅದರ ಸುತ್ತ ಹುಳದ ಕಾಲಿನಂತೆ ಸಣ್ಣ ಸಣ್ಣ ಕೊಳವೆಗಳು. ಹೆಸರು 'ಶ್ರೀಯುತ ಸಾಮ್ಸಾರ ವಾಯುವಿಹಾರ'. ಕಾಫ್ಕಾನ ಕಥೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳವಾಗಿಬಿಡುತ್ತಾನಲ್ಲ, ಆ ಸಾಮ್ಸಾ. ಅದರಲ್ಲಿ ಹೂವಿಡುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಇವತ್ತು ಏನನ್ನೂ ಹಿಡಿದುಕೊಳ್ಳದೆ ಗೋಡೆಯ ಮೇಲೆ ಸುಮ್ಮನೆ ಕೂತಿರುವ ಈ ಶಿಲ್ಪಗಳಿಗೆ ದಾರಿ ಸಲೀಸಾಗಿದ್ದು ಅಲ್ಲಿಂದಲೇ ಅಂತ ನನ್ನ ಎಣಿಕೆ.

ಇಂಥವನ್ನು ನೋಡಿದ ಕೂಡಲೇ ನಾವೆಲ್ಲ "ಆಹಾ, ಥೇಟ್ ಹವಳ!" ಅನ್ನುತ್ತೇವೆ. ನನ್ನ ಪ್ರಕಾರ ಅದು ತೀರಾ ಅಗ್ಗದ ಹೊಗಳಿಕೆ. ಥೇಟ್ ಹವಳವೇ ಬೇಕಿದ್ದರೆ ಅಚ್ಚಿನಲ್ಲಿ ಪ್ಲಾಸ್ಟಿಕ್ ಎರಕ ಹೊಯ್ದು ದಿನಕ್ಕೆ ನೂರು ತೆಗೆಯಬಹುದು, ಹೋಟೆಲ್ ಲಾಬಿಗಳಲ್ಲಿ ಇರುವುದು ಅಂಥವೇ. ಮಣ್ಣಿನ ಕಥೆ ಬೇರೆ. ಒಣಗುವಾಗ ಕುಗ್ಗುತ್ತದೆ, ಗೂಡಿನಲ್ಲಿ ಬೇಯುವಾಗ ಮತ್ತೆ ಕುಗ್ಗುತ್ತದೆ. ತೆಳು ಅಂಚು ಬೇಗ ಒಣಗಿ, ದಪ್ಪ ನಡುಭಾಗ ಹಸಿಯಾಗಿಯೇ ಉಳಿದರೆ ಬಿರುಕು ಗ್ಯಾರಂಟಿ. ಪಿಂಗಾಣಿಯಂತೂ 1250 ಡಿಗ್ರಿ ದಾಟಿದ ಶಾಖದಲ್ಲಿ ಮೆತ್ತಗಾಗಿ ಬಾಗುತ್ತದೆ. ಎಲೆಯಂತೆ, ದಳದಂತೆ ಮುರುಟಿದ ತೆಳು ಅಂಚೇ ಮೊದಲು ಕೈಕೊಡುವುದು. ಗೋಡೆ ತುಂಬುವಷ್ಟು ದೊಡ್ಡದಾದರೆ ತುಂಡು ತುಂಡಾಗಿ ಸುಟ್ಟು ಆಮೇಲೆ ಜೋಡಿಸಬೇಕು. ಇಷ್ಟೆಲ್ಲ ಆದ ಮೇಲೂ ಅದು ನೆಟ್ಟಗೆ ಹೊರಬಂದಿದೆ ಅಂದರೆ ಹವಳವನ್ನು ಹೋಲುತ್ತದೋ ಇಲ್ಲವೋ ಅನ್ನುವುದು ಸಣ್ಣ ಮಾತು.

ಶಿಗರಾಕಿ ಎಂಬ ಊರಿನ ಮಣ್ಣಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳಿರುತ್ತವೆ. ಸುಟ್ಟಾಗ ಅವು ಕರಗಿ ಬಿಳಿ ಚುಕ್ಕೆಗಳಾಗಿ ಮೇಲೆ ಎದ್ದು ನಿಲ್ಲುತ್ತವೆ. ಕಟ್ಟಿಗೆಯ ಗೂಡಿನಲ್ಲಿ ಹಾರಿದ ಬೂದಿ ತಾನೇ ಕರಗಿ ಹಸಿರು ಮೆರುಗಾಗುತ್ತದೆ. ಪ್ರಕೃತಿಯ ಆಕಾರ ಅಂದರೆ ನನಗೆ ಇದು: ಅನುಕರಣೆಯಲ್ಲ, ಪಾಲುದಾರಿಕೆ. (ಬ್ಯಾಂಕಿನವನ ಮಾತು, ಕ್ಷಮಿಸಿ.)

ಹೋದ ವರ್ಷ ಮಗಳ ಹತ್ತಿರ ಹೋಗಿದ್ದಾಗ 1970ರ ಒಸಾಕಾ ಮಹಾಮೇಳಕ್ಕೆಂದು ಒಕಾಮೊಟೊ ತಾರೋ ಕಟ್ಟಿದ 'ಸೂರ್ಯ ಗೋಪುರ' ನೋಡಿದ್ದೆ. 70 ಮೀಟರ್ ಎತ್ತರ. ಎಲ್ಲರ ಹಾಗೆ ಮುಂದಿನ ಚಿನ್ನದ ಮುಖದ ಫೋಟೊ ತೆಗೆದು "ಆಯ್ತಲ್ಲ, ನಡಿ" ಅಂದೆ. ಅವಳೇ ಕೈಹಿಡಿದು ಹಿಂದಕ್ಕೆ ಕರೆದುಕೊಂಡು ಹೋದಳು. ಬೆನ್ನ ಮೇಲೆ ಒಂದು ಕಪ್ಪು ಸೂರ್ಯ. ಪೂರ್ತಿ ಶಿಗರಾಕಿಯ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಮಾಡಿದ್ದು. ಆಗ ನನಗೆ ಏನೂ ಅನ್ನಿಸಿರಲಿಲ್ಲ, ಊಟಕ್ಕೆ ಹೊತ್ತಾಗಿತ್ತು.

ಹಾಗಂತ ನಾನು ಪೂರ್ತಿ ಬದಲಾಗಿಲ್ಲ. "ಇನ್ನು ಹತ್ತು ವರ್ಷಕ್ಕೆ ಇದರ ಬೆಲೆ ಮೂರು ಪಟ್ಟಾಗುತ್ತೆ" ಅಂತ ಕಲಾಕೃತಿ ಮಾರುವವರನ್ನು ಈಗಲೂ ನಂಬುವುದಿಲ್ಲ, ನೀವೂ ನಂಬಬೇಡಿ. ನೋಡಬೇಕು ಅನ್ನಿಸಿದರೆ ಕೊಳ್ಳಬೇಕು, ಕೊಟ್ಟ ದುಡ್ಡು ಹೋಯಿತು ಅಂತಲೇ ಲೆಕ್ಕ ಬರೆಯಬೇಕು. ತಪ್ಪಾಗಿದ್ದು ನನ್ನ ಎಚ್ಚರಿಕೆಯಲ್ಲ, ಹೂವಿನ ಪ್ರಶ್ನೆ. ಅವಳು ಕೇಳಿದ್ದು ಅದು ಚೆನ್ನಾಗಿದೆಯಾ ಅಂತ, ನಾನು ಉಪಯೋಗ ಕೇಳಿದೆ.

ನಿನ್ನೆ ಬರೆದೆ: "ತಗೋ ಪುಟ್ಟಿ. ಭೂಕಂಪದ ಊರು, ಗಟ್ಟಿಯಾಗಿ ಮೊಳೆ ಹೊಡೆಸು."

"ಬಾಡಿಗೆ ಮನೆ ಅಪ್ಪಾ, ಮೊಳೆ ಹೊಡೆಯೋ ಹಾಗಿಲ್ಲ" ಅಂತ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು: "ಅದು ಆ ವಾರವೇ ಮಾರಿಹೋಯ್ತು."