ಕಿಟ್ ಹಾಕುವುದೋ, ಹೊಸದನ್ನೇ ಕೂರಿಸುವುದೋ

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡ ಇಬ್ಬರು ಎದುರಾದರೆ ಮಾತು ಬೇಗನೆ ಕಾರ್ಬೊರೇಟರಿಗೆ ಬರುತ್ತದೆ. ಬಂದ ಕೂಡಲೇ ಎರಡು ಪಕ್ಷವೂ ಆಗುತ್ತದೆ. ಐಡ್ಲಿಂಗ್ ನಿಲ್ಲುತ್ತಿಲ್ಲ, ಪಿಕಪ್ ಇಲ್ಲ, ಮೈಲೇಜು ಬಿದ್ದಿದೆ ಎಂದರೆ ಹೊಸ ಕಾರ್ಬೊರೇಟರ್ ಹಾಕಿ ಎನ್ನುತ್ತಾರೆ ಒಬ್ಬರು. ಕಂಪನಿಯಿಂದ ಬಂದದ್ದನ್ನು ಬಿಚ್ಚಿ, ತೊಳೆದು, ಕಿಟ್ ಹಾಕಿಸಿ, ಇನ್ನೂ ಇಪ್ಪತ್ತು ವರ್ಷ ಓಡುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಹೇಳುವುದು ನಿಜವೇ, ಆದರೆ ಬೇರೆ ಬೇರೆ ಕಾರಿನ ವಿಷಯದಲ್ಲಿ.

ಹೊಸದರ ಪಕ್ಷದವರ ಗಟ್ಟಿ ವಾದ ಥ್ರಾಟಲ್ ಶಾಫ್ಟಿನದು. ಸತುವಿನ ಮಿಶ್ರಲೋಹದ ಬಾಡಿಯೊಳಗೆ ಉಕ್ಕಿನ ಶಾಫ್ಟು ದಶಕಗಟ್ಟಲೆ ತಿರುಗುತ್ತದೆ. ಆಕ್ಸಿಲರೇಟರಿನ ಕಡ್ಡಿ ಅದನ್ನು ಸದಾ ಒಂದೇ ಕಡೆಗೆ ಎಳೆಯುವುದರಿಂದ ದುಂಡಗಿದ್ದ ತೂತು ಅಂಡಾಕಾರವಾಗುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಅದರ ಕೆಳಗೆ ಎಂಜಿನ್ ಜೋರಾಗಿ ಗಾಳಿ ಎಳೆಯುತ್ತಿರುತ್ತದೆ. ಸವೆದ ತೂತಿನಿಂದ ಒಳನುಗ್ಗುವ ಆ ಗಾಳಿ ಯಾವ ಜೆಟ್ಟಿನ ಲೆಕ್ಕಕ್ಕೂ ಸಿಗುವುದಿಲ್ಲ. ಇವತ್ತು ಸರಿಯಾಗಿದ್ದ ಐಡ್ಲಿಂಗ್ ನಾಳೆ ಸಿಗ್ನಲ್ಲಿನಲ್ಲಿ ಕೈಕೊಡುತ್ತದೆ, ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಕಿಟ್‌ನಲ್ಲಿ ಪ್ಯಾಕಿಂಗ್, ನೀಡಲ್ ವಾಲ್ವ್, ಪಂಪಿನ ಡಯಾಫ್ರಮ್ ಇರುತ್ತವೆ. ಹೊಸ ತೂತು ಇರುವುದಿಲ್ಲ. ಒಳ್ಳೆಯ ಲೇತ್ ಕೆಲಸದವರು ತೂತನ್ನು ದೊಡ್ಡದು ಮಾಡಿ ಬುಷ್ ಕೂರಿಸಿಕೊಡುತ್ತಾರೆ, ನಿಜ. ಆದರೆ ಬುಷ್ ಕೂದಲೆಳೆಯಷ್ಟು ಓರೆಯಾದರೂ ಥ್ರಾಟಲ್ ತಟ್ಟೆ ಕಚ್ಚಿಕೊಳ್ಳುತ್ತದೆ. ಆ ಕೈ ಎಲ್ಲರಿಗೂ ಇಲ್ಲ.

ಹಳೆಯದರ ಪಕ್ಷದವರು ಕೇಳುವ ಪ್ರಶ್ನೆ ಬೇರೆ. ಹೊಸದರೊಳಗೆ ಇರುವುದೇನು? ಹೊರಗಿನಿಂದ ಅಚ್ಚು ಕಂಪನಿಯ ಅದೇ ಸೋಲೆಕ್ಸ್ ಕಾರ್ಬೊರೇಟರ್ ಎನಿಸುವ ನಕಲಿನಲ್ಲಿ ಜೆಟ್ಟುಗಳು ಯಾವ ಎಂಜಿನ್ನಿಗೆ ಬೇಕಾದರೂ ಅಳತೆ ಮಾಡಿದವು ಆಗಿರಬಹುದು. ಇಂಥ ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 120ರ ಜಾಗದಲ್ಲಿ 125 ಬಂದರೆ ಕಣ್ಣಿಗೇನೂ ಕಾಣದು, ಆದರೆ ತೂತಿನ ವಿಸ್ತೀರ್ಣ ಶೇ 8ಕ್ಕಿಂತ ಹೆಚ್ಚಾಗಿರುತ್ತದೆ. 1089 ಸಿ.ಸಿ. ಎಂಜಿನ್ನಿಗೆ ಅದು ಸಣ್ಣ ಸಂಗತಿಯಲ್ಲ; ಪ್ಲಗ್ಗು ಕಪ್ಪಾಗುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ. ಎರಕದ ಚೂರುಗಳು ಒಳದಾರಿಯಲ್ಲೇ ಉಳಿದುಬಿಟ್ಟ ಹೊಸ ಮಾಲೂ ಉಂಟು. ಹಾಗಾಗಿ ಹೊಸದನ್ನು ಡಬ್ಬದಿಂದ ತೆಗೆದು ನೇರ ಎಂಜಿನ್ ಮೇಲೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಅದನ್ನೂ ಒಮ್ಮೆ ಬಿಚ್ಚಬೇಕು, ಫ್ಲೋಟಿನ ಮಟ್ಟ ನೋಡಬೇಕು, ಜೆಟ್ಟಿನ ಸಂಖ್ಯೆ ಓದಬೇಕು. ಮಾದರಿ ಒಂದೇ ಆಗಿದ್ದು ಥ್ರೆಡ್ ಹೊಂದಿದರೆ ಹಳೆಯ ಜೆಟ್ಟುಗಳನ್ನೇ ಹೊಸ ಬಾಡಿಗೆ ಹಾಕಬಹುದು. ಎರಡೂ ಪಕ್ಷದವರು ಇದನ್ನು ಹೇಡಿಯ ರಾಜಿ ಎನ್ನುತ್ತಾರೆ. ನನಗೆ ಅನೇಕ ಕಾರುಗಳಿಗೆ ಇದೇ ಸರಿಯಾದ ದಾರಿ ಎನಿಸುತ್ತದೆ.

ಈಗಿನ ಪೆಟ್ರೋಲು ವಾದವನ್ನು ಇನ್ನಷ್ಟು ಗೋಜಲು ಮಾಡಿದೆ. ಶೇ 20ರವರೆಗೆ ಎಥೆನಾಲ್ ಬೆರೆತ ಇಂಧನದಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಹಳೆಯ ಜೆಟ್ಟಿಂಗ್ ತುಸು ಲೀನ್, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ, ಆಗುತ್ತದೆ. ಎಥೆನಾಲ್ ನೀರು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಹೊಸ ಡಯಾಫ್ರಮ್ ಇದನ್ನು ತಡೆಯುವ ರಬ್ಬರಿನದಾದರೆ ಹೊಸದರ ಕಡೆಗೆ ಒಂದು ಅಂಕ. ಯಾವ ರಬ್ಬರೆಂದು ಅಂಗಡಿಯವನಿಗೇ ಗೊತ್ತಿಲ್ಲದಿದ್ದರೆ ಆ ಅಂಕವೂ ಇಲ್ಲ.

ಜಗಳದ ಭರದಲ್ಲಿ ಇಬ್ಬರೂ ಮರೆಯುವುದೊಂದಿದೆ: ತಪ್ಪು ಕಾರ್ಬೊರೇಟರಿನದ್ದೇ ಆಗಿರಬೇಕೆಂದಿಲ್ಲ. ಟ್ಯಾಪೆಟ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿಮಾಡದೆ ಕಾರ್ಬೊರೇಟರ್ ಮುಟ್ಟಿದರೆ ಕೆಲಸ ಎರಡಾಗುತ್ತದೆ. ಕೂರಿಸುವಾಗಲೂ ಮ್ಯಾನಿಫೋಲ್ಡಿನ ಮೇಲಿನ ಶಾಖ ತಡೆಯುವ ದಪ್ಪ ತುಂಡು, ಅದರ ಎರಡೂ ಬದಿಯ ಪ್ಯಾಕಿಂಗ್ ಹೊಸದಿರಬೇಕು. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಪೂರ್ತಿ ಶಕ್ತಿ ಹಾಕಿದರೆ ಫ್ಲ್ಯಾಂಜ್ ಬಾಗಿ, ಸವೆದ ಶಾಫ್ಟಿನಿಂದ ಬರುತ್ತಿದ್ದ ಗಾಳಿಯೇ ಈಗ ಬುಡದಿಂದ ಬರುತ್ತದೆ.

ಟ್ಯೂನಿಂಗ್‌ನಲ್ಲಿ ಪಕ್ಷಭೇದವಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ತೆರೆದಿರಬೇಕು, ಏರ್ ಫಿಲ್ಟರ್ ಮೇಲಿರಬೇಕು. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳಮುಟ್ಟಿಸಿ ಸುಮಾರು ಒಂದೂವರೆ ಸುತ್ತು ಬಿಚ್ಚಿ ಶುರುಮಾಡುವುದು. ಎಂಜಿನ್ ಓಟ ಅತಿ ಹೆಚ್ಚಾಗುವ ಜಾಗ ಹುಡುಕಿ, ಐಡ್ಲಿಂಗ್ ಸ್ಕ್ರೂನಿಂದ ಓಟ ಇಳಿಸಿ, ಮತ್ತೊಮ್ಮೆ ಮಿಕ್ಸ್ಚರ್ ನೋಡುವುದು. ಕಿವಿಯಿಂದಲೇ ಹೊಂದಿಸುವ ಮೇಸ್ತ್ರಿಗಳ ಬಗ್ಗೆ ನನಗೆ ಗೌರವವಿದೆ, ಆದರೂ ಎಮಿಷನ್ ಟೆಸ್ಟಿನ ಚೀಟಿ ಅವರ ಕಿವಿಗಿಂತ ಸ್ಪಷ್ಟವಾಗಿ ಮಾತಾಡುತ್ತದೆ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3 ಮೀರಬಾರದು. ಎಲ್ಲಿ ಟ್ಯೂನ್ ಮಾಡಿದ್ದು ಎಂಬುದೂ ಮುಖ್ಯ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಶೇ 8ರಷ್ಟು ತೆಳು. ಇಲ್ಲಿ ಕರಾರುವಾಕ್ಕಾಗಿ ಹೊಂದಿಸಿದ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಾಗ ಲೀನ್ ಕಡೆಗೆ ವಾಲಿರುತ್ತದೆ.

ಹಾಗಾದರೆ ಯಾವುದು? ಬೆರಳಿನಲ್ಲಿ ಶಾಫ್ಟನ್ನು ಅಡ್ಡಲಾಗಿ ಅಲುಗಿಸಿ ನೋಡಿ. ಆಟವಿಲ್ಲದಿದ್ದರೆ ಹಳೆಯದಕ್ಕೆ ಕಿಟ್ ಸಾಕು, ಹೊಸದರ ಮೇಲೆ ಹಾಕುವ ದುಡ್ಡು ದಂಡ. ಸ್ಪಷ್ಟವಾಗಿ ಆಡುತ್ತಿದ್ದರೆ, ನಂಬುವ ಲೇತ್ ಕೈ ಹತ್ತಿರದಲ್ಲಿ ಇಲ್ಲದಿದ್ದರೆ, ಹೊಸದು. ಆಗಲೂ ಹಳೆಯದನ್ನು ಗುಜರಿಗೆ ಹಾಕಬೇಡಿ. ಅದರ ಜೆಟ್ಟು, ಕಡ್ಡಿ, ಸಣ್ಣ ಕ್ಲಿಪ್ಪುಗಳು ಹೊಸದಕ್ಕೆ ಬೇಕಾಗುವುದು ಸಾಮಾನ್ಯವಾಗಿ ಹಳೆಯದು ಕೈಬಿಟ್ಟ ಮಾರನೆಯ ವಾರ.