ಕಟ್ಟಿದ ಮೇಲೆ ಕೇಳೋರ್ಯಾರು?

371(ಜೆ) 2013ರಲ್ಲಿ ಜಾರಿಗೆ ಬಂದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮಂಡಳಿಯ ದುಡ್ಡಿನಿಂದ ಶಾಲಾ ಕೋಣೆಗಳಿಗೆ ಅಡಿಗಲ್ಲು ಹಾಕಿದ್ದೇ ಹಾಕಿದ್ದು. ಆಮೇಲಿನ ಖರ್ಚು? ಎರೆಮಣ್ಣಿನ ಸೀಮೆ ಇದು; ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಗೋಡೆ ಸೀಳಿದಾಗ ತಳಪಾಯ ಎಷ್ಟು ಆಳ ಹಾಕ್ಯಾರ, ಪೈಪು ಎಲ್ಲಿ ಹೋಗ್ಯಾದ ಅಂತ ಹೇಳೋನು ಮೇಸ್ತ್ರಿ ಒಬ್ಬನೇ. ಅವನು ಪುಣೆ ಸೇರಿದನೋ, ಗೋಡೆ ಒಡೆದೇ ನೋಡಬೇಕು.

ಇದಕ್ಕೆ ‘ಬಿಮ್’ ಎಂಬ ಪದ್ಧತಿ ಬಂದಿದೆ. ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲೇ ಎಬ್ಬಿಸಿ, ತಳಪಾಯ, ಪೈಪು, ಪಂಪಿನ ಆಯುಷ್ಯ, ರಿಪೇರಿ ಖರ್ಚು ಎಲ್ಲ ಅದರಲ್ಲೇ ಬರೆದಿಡುವುದು. ಬ್ರಿಟನ್ 2016ರಲ್ಲಿ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಕಡ್ಡಾಯ ಮಾಡಿತು. ತಾಲ್ಲೂಕು ಆಸ್ಪತ್ರೆಗೆ ಇದು ಬೇಕೇ ಬೇಕು. ಎರಡು ಕೋಣೆಯ ಶಾಲೆಗೆ ಅತಿಯಾಯ್ತು, ನಿಜ. ಅಲ್ಲಿ ಕಟ್ಟಿದಂತೆಯೇ ಬರೆದ ನಕ್ಷೆಯೊಂದನ್ನು ಬೀಗದಕೈ ಜೊತೆ ಹೆಡ್‌ಮಾಸ್ತರರ ಕೈಗಿಡಲಿ. ಅದಾಗದೆ ಕೊನೇ ಬಿಲ್ಲು ಪಾಸಾಗಕೂಡದು.