ಪದಕಕ್ಕೆ ಮೊದಲೇ ಬೇಕು ಬೆನ್ನು ತಟ್ಟುವ ಕೈ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಗೇಲಿಗೆ ಬಳಕೆಯಾಗುವುದೇ ಹೆಚ್ಚು. ಆದರೆ ಮಕ್ಕಳೊಳಗಿನ ಪ್ರತಿಭೆಯನ್ನು ಲೋಕ ಗುರುತಿಸುವುದಕ್ಕೆ ಎಷ್ಟೋ ವರ್ಷ ಮೊದಲು ಗುರುತಿಸುವವರು ಹೆತ್ತವರೇ. ಭರತನಾಟ್ಯಕ್ಕೆ ಸಭಾಂಗಣವಿದೆ, ಯಕ್ಷಗಾನಕ್ಕೆ ರಂಗಸ್ಥಳವಿದೆ, ಕ್ರಿಕೆಟ್ಟಿಗಂತೂ ಊರಿಗೆ ಊರೇ ಪ್ರೇಕ್ಷಕ. ಇವು ಯಾವುವೂ ಇಲ್ಲದ ಕ್ರೀಡೆಯೊಂದನ್ನು ಮಗ ಅಥವಾ ಮಗಳು ಆರಿಸಿಕೊಂಡಾಗ ಅಪ್ಪ ಅಮ್ಮನ ಹೆಮ್ಮೆಯೇ ಅವರಿಗಿರುವ ಏಕೈಕ ಚಪ್ಪಾಳೆ. ಗುಡ್ಡಗಾಡಿನ ಸೈಕಲ್ ಸ್ಪರ್ಧೆ, ಅಂದರೆ ಮೌಂಟನ್ ಬೈಕ್ ರೇಸ್, ಅಂತಹ ಒಂದು ಕ್ರೀಡೆ.

ಮುಂಬಯಿ–ಪುಣೆ ಸೈಕಲ್ ಸ್ಪರ್ಧೆ ಇಲ್ಲಿನ ಕನ್ನಡಿಗರಿಗೆ ಹೊಸದಲ್ಲ. ಖಂಡಾಲಾ ಘಾಟಿಯನ್ನು ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು, ರಸ್ತೆಯ ಇಕ್ಕೆಲಗಳಲ್ಲಿ ಜನ. ಅದು ಡಾಂಬರು ರಸ್ತೆಯ ಸ್ಪರ್ಧೆ. ಮೌಂಟನ್ ಬೈಕ್ ಸ್ಪರ್ಧೆ ನಡೆಯುವುದು ರಸ್ತೆ ಇಲ್ಲದಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಕೆಲವು ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳಲ್ಲಿ ಇಳಿಜಾರು ಇಳಿಯುತ್ತಾ ಆರಂಭಿಸಿದ ಆಟವಿದು. 1990ರಲ್ಲಿ ಇದರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು.

ಭಾರತಕ್ಕೂ ಇದು ಈಗ ಅಪರಿಚಿತವಲ್ಲ. 2021ರ ಫೆಬ್ರವರಿಯಲ್ಲಿ ನಮ್ಮ ಗದಗದ ಗುಡ್ಡಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ಕೇರಳದ ಪೊನ್ಮುಡಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ನಡೆಯಿತು. 2025ರಲ್ಲಿ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸಾತಾಲ್‌ನ ಕಾಡುದಾರಿಯಲ್ಲಿ ಪದಕಗಳಿಗಾಗಿ ಪೈಪೋಟಿ ಏರ್ಪಟ್ಟಿತು. ಬೆಂಗಳೂರಿನ ಕಿರಣ್ ಕುಮಾರ್ ರಾಜು, ಮಹಾರಾಷ್ಟ್ರದ ಪ್ರಣೀತಾ ಸೋಮನ್ ಇದರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗಳಿಸಿದವರು. ಆದರೂ ಇವರ ಹೆಸರು ಬಲ್ಲ ಮನೆಗಳು ಎಷ್ಟಿವೆ?

ಈ ಸ್ಪರ್ಧೆಯನ್ನು ನೋಡಲು ಹೋದ ತಂದೆ ತಾಯಿ ಏನನ್ನು ನೋಡುತ್ತಾರೆ ಎಂಬುದು ತಿಳಿಯಬೇಕಾದ ವಿಷಯ. ಒಲಿಂಪಿಕ್ ಮಾದರಿಯ ಸ್ಪರ್ಧೆಯಲ್ಲಿ ಒಂದು ಸುತ್ತು ಸುಮಾರು 4ರಿಂದ 6 ಕಿಲೋಮೀಟರ್. ಕಲ್ಲು, ಬೇರು, ಕೆಸರು, ಒಬ್ಬರೇ ಹೋಗಬಹುದಾದ ಕಾಲುದಾರಿ. ಮಗು ಕಣ್ಣಿಗೆ ಬೀಳುವುದು ಪ್ರತಿ ಸುತ್ತಿನಲ್ಲಿ ಕೆಲವೇ ಕ್ಷಣ. ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ. ಬರಬೇಕಾದ ಹೊತ್ತಿಗೆ ಬಾರದಿದ್ದರೆ ಚೈನ್ ತುಂಡಾಯಿತೋ, ಬಿದ್ದು ಕೊರಳೆಲುಬು ಮುರಿಯಿತೋ ಎಂಬ ಆತಂಕ. ಇದಲ್ಲದೆ ಮುಂಚೂಣಿಯ ಸ್ಪರ್ಧಿಯ ಮೊದಲ ಸುತ್ತಿನ ಅವಧಿಯ ಶೇ. 80ಕ್ಕಿಂತ ಹೆಚ್ಚು ಹಿಂದೆ ಬಿದ್ದವರನ್ನು ಕಣದಿಂದ ಹೊರಗೆ ಕಳುಹಿಸುವ ನಿಯಮವೂ ಇದೆ. ಎರಡು ರಾತ್ರಿ ರೈಲಿನಲ್ಲಿ ಪ್ರಯಾಣಿಸಿ ಹೋದ ಮಗು ಅರ್ಧ ಗಂಟೆಯಲ್ಲೇ ತಲೆ ತಗ್ಗಿಸಿ ಹೊರಬರುವುದುಂಟು. ಆಗ ಅಪ್ಪ ಏನು ಹೇಳುತ್ತಾನೆ, ಅಮ್ಮ ಹೇಗೆ ನೋಡುತ್ತಾಳೆ ಎಂಬುದರ ಮೇಲೆ ಆ ಮಗು ಮತ್ತೆ ಸೈಕಲ್ ಏರುವುದೋ ಬಿಡುವುದೋ ನಿರ್ಧಾರವಾಗುತ್ತದೆ.

ಈ ಕ್ರೀಡೆಯ ಇನ್ನೊಂದು ನಿಯಮ ಎಲ್ಲ ಹೆತ್ತವರೂ ಮನನ ಮಾಡಬೇಕಾದದ್ದು. ನೀರಿನ ಬಾಟಲಿ ಕೊಡಲು, ಚಕ್ರ ಬದಲಿಸಲು ಗೊತ್ತುಪಡಿಸಿದ ಜಾಗವಿರುತ್ತದೆ. ಅದಕ್ಕೆ ಫೀಡ್ ಝೋನ್ ಎನ್ನುತ್ತಾರೆ. ಜೊತೆಗೆ ಬಂದವರ ಸಹಾಯ ಏನಿದ್ದರೂ ಅಲ್ಲಿಗೆ ಮಾತ್ರ ಸೀಮಿತ. ಅದರಾಚೆ ಟೈರ್ ಪಂಕ್ಚರ್ ಆದರೆ ತೇಪೆ ಹಚ್ಚುವುದೋ, ಹೊತ್ತುಕೊಂಡು ಓಡುವುದೋ ಸ್ಪರ್ಧಿಗೆ ಬಿಟ್ಟದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅವರಿಗೆ ಸ್ಪರ್ಧೆಯ ನಡುವೆಯೇ ಟೈರ್ ಪಂಕ್ಚರ್ ಆಯಿತು. ಸಹಾಯಕರಿದ್ದ ಜಾಗದವರೆಗೆ ಹೇಗೋ ಬಂದು ಚಕ್ರ ಬದಲಿಸಿಕೊಳ್ಳುವಷ್ಟರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರು. ಆದರೂ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತಾ ಕೊನೆಯ ಸುತ್ತಿನಲ್ಲಿ ಫ್ರಾನ್ಸಿನ ಸ್ಪರ್ಧಿಯನ್ನು ದಾಟಿ ಚಿನ್ನ ಗೆದ್ದರು. ಚಕ್ರ ಕೊಟ್ಟವರು ಬೇರೆಯವರು, ಪೆಡಲು ತುಳಿದವರು ಅವರೇ.

ಹೆತ್ತವರ ಹೆಮ್ಮೆಗೂ ಇಂತಹದೊಂದು ಗೆರೆ ಬೇಕು. ಬಾಟಲಿ ತುಂಬಿಸಿ ಸಕಾಲದಲ್ಲಿ ಕೈಗಿಡುವುದು ಹೆತ್ತವರ ಕೆಲಸ. ದಾರಿಯುದ್ದಕ್ಕೂ ಓಡಿಕೊಂಡು ಹೋಗಿ ಗದರಿಸುವುದು, ಸೋತಾಗ ನಾಲ್ಕು ಜನರೆದುರು ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದು, ತಮಗೆ ದಕ್ಕದೆ ಹೋದ ಪದಕವನ್ನು ಮಗುವಿನ ಕೊರಳಲ್ಲಿ ಕಾಣಬೇಕೆಂದು ಹಟ ಹಿಡಿಯುವುದು ಹೆಮ್ಮೆಯಲ್ಲ, ಅದು ಭಾರ. ಸ್ವಿಟ್ಜರ್‌ಲೆಂಡಿನ ನಿನೋ ಶುರ್ಟರ್ 10 ಬಾರಿ ವಿಶ್ವ ಚಾಂಪಿಯನ್ ಆದವರು. ಆದರೆ ಒಲಿಂಪಿಕ್ಸ್‌ನಲ್ಲಿ ಅವರಿಗೆ 2008ರಲ್ಲಿ ಸಿಕ್ಕಿದ್ದು ಕಂಚು, 2012ರಲ್ಲಿ ಬೆಳ್ಳಿ, ಚಿನ್ನ ಬಂದದ್ದು 2016ರಲ್ಲಿ. ಅಂತಹ ಶ್ರೇಷ್ಠ ಸ್ಪರ್ಧಿಯೇ ಕಂಚಿನಿಂದ ಚಿನ್ನಕ್ಕೆ ಏರಲು ಎಂಟು ವರ್ಷ ಬೇಕಾದ ಈ ಕ್ರೀಡೆಯಲ್ಲಿ, ಎರಡನೇ ಸ್ಪರ್ಧೆಗೇ ಮಗುವಿನಿಂದ ಪದಕ ಬಯಸುವುದು ಸರಿಯಲ್ಲ.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇದು ಸುಲಭದ ಹಾದಿಯೂ ಅಲ್ಲ. ಸ್ಪರ್ಧೆಗೆ ತಕ್ಕ ಒಳ್ಳೆಯ ಸೈಕಲ್‌ನ ಬೆಲೆ ಲಕ್ಷದ ಗಡಿ ದಾಟುತ್ತದೆ. ಎರಡು ಕೋಣೆಗಳ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಹೊರಗೆ ಇಟ್ಟರೆ ಸೊಸೈಟಿಯವರ ಆಕ್ಷೇಪ. ಅಭ್ಯಾಸಕ್ಕೆ ಥಾಣೆ, ಖಾರ್ಘರ್‌ನ ಗುಡ್ಡಗಳಿಗೋ ಪುಣೆಯ ಹೊರವಲಯಕ್ಕೋ ನಸುಕಿನಲ್ಲೇ ಹೊರಡಬೇಕು. ಪರವೂರಿನ ಸ್ಪರ್ಧೆಗೆ ಸೈಕಲ್ಲಿನ ಚಕ್ರ, ಪೆಡಲು ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ರೈಲು ಹತ್ತಬೇಕು. ಟಿಕೆಟ್ಟು, ಊಟ, ವಸತಿ, ಕೆಲಸಕ್ಕೆ ರಜೆ ಎಲ್ಲವೂ ಮನೆಯವರದೇ. ಪಾಳಿಯಲ್ಲಿ ದುಡಿಯುವ ಅಪ್ಪನಿಗೆ, ಹೋಟೆಲಿನ ಗಲ್ಲಾ ಬಿಟ್ಟು ಏಳಲಾಗದ ಅಪ್ಪನಿಗೆ ಒಂದು ಸ್ಪರ್ಧೆಗೆ ಮಗಳ ಜೊತೆ ಹೋಗುವುದೆಂದರೆ ಅರ್ಧ ತಿಂಗಳ ಲೆಕ್ಕ ತಪ್ಪಿದಂತೆಯೇ.

ಇತ್ತ ಕರ್ನಾಟಕದಲ್ಲಿ ಸೈಕ್ಲಿಂಗ್‌ನ ತವರೆಂದರೆ ವಿಜಯಪುರ, ಬಾಗಲಕೋಟೆ, ಗದಗ. ಅಲ್ಲಿನ ಸರ್ಕಾರಿ ಕ್ರೀಡಾ ನಿಲಯಗಳಲ್ಲಿ ಬೆಳೆದು ರಾಷ್ಟ್ರ ಮಟ್ಟಕ್ಕೆ ಏರಿದವರಲ್ಲಿ ರೈತರ, ಕೂಲಿಕಾರರ ಮಕ್ಕಳು ಬಹಳ, ಹೆಣ್ಣು ಮಕ್ಕಳೂ ಕಡಿಮೆಯಿಲ್ಲ. ಅದೇ ಜಿಲ್ಲೆಗಳಿಂದ ದುಡಿಮೆಗಾಗಿ ಮುಂಬಯಿ, ಪುಣೆಗೆ ಬಂದ ಕುಟುಂಬಗಳೂ ಅಸಂಖ್ಯ. ಊರಿನಲ್ಲಿದ್ದರೆ ಕ್ರೀಡಾ ನಿಲಯದ ಬಾಗಿಲು ತಟ್ಟಬಹುದಾಗಿದ್ದ ಮಗುವಿಗೆ ಇಲ್ಲಿ ಯಾವ ಬಾಗಿಲೂ ಕಾಣುವುದಿಲ್ಲ. ಆ ಬಾಗಿಲು ಯಾವುದಾಗಬೇಕು ಎಂಬುದು ಕನ್ನಡ ಸಂಘಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಂಘ–ಸಂಸ್ಥೆಗಳು ವರ್ಷಂಪ್ರತಿ ಹತ್ತು, ಹನ್ನೆರಡನೇ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರನ್ನು ಸನ್ಮಾನಿಸಿ, ವಿದ್ಯಾರ್ಥಿ ವೇತನ ವಿತರಿಸುತ್ತಿರುವುದು ಶ್ಲಾಘನೀಯ. ಕ್ರೀಡೆಯಲ್ಲಿ ಸಾಧನೆ ಮಾಡಿದವರಿಗೂ ಶಾಲು, ಫಲಪುಷ್ಪ, ಸ್ಮರಣಿಕೆ ಸಿಗುತ್ತದೆ. ಆದರೆ ಅದು ಸಿಗುವುದು ಪದಕ ಬಂದ ನಂತರ, ಪತ್ರಿಕೆಯಲ್ಲಿ ಭಾವಚಿತ್ರ ಪ್ರಕಟವಾದ ನಂತರ. ಬಾಯಾರಿದಾಗ ಸಿಗದ ನೀರು ಸ್ಪರ್ಧೆ ಮುಗಿದ ಮೇಲೆ ಸಿಕ್ಕರೆ ಪ್ರಯೋಜನವೇನು? ಶಾಲಿಗೆ ವೆಚ್ಚವಾಗುವ ಹಣ ರೈಲಿನ ಟಿಕೆಟ್ಟಿಗೆ, ಒಂದು ಒಳ್ಳೆಯ ಹೆಲ್ಮೆಟ್ಟಿಗೆ ಸಂದರೆ ಅದೇ ನಿಜವಾದ ಸನ್ಮಾನ.

ಇದಕ್ಕೆ ದೊಡ್ಡ ನಿಧಿಯೇನೂ ಬೇಕಿಲ್ಲ. ದೆಹಲಿಯಿಂದ ಚೆನ್ನೈವರೆಗೆ, ಹೈದರಾಬಾದಿನಿಂದ ಪುಣೆಯವರೆಗೆ ಕನ್ನಡ ಸಂಘಗಳಿಲ್ಲದ ಮಹಾನಗರವಿಲ್ಲ. ಸ್ಪರ್ಧೆಗೆ ಬರುವ ಮಗುವಿಗೂ ಜೊತೆಗಿರುವ ಹೆತ್ತವರಿಗೂ ಎರಡು ದಿನದ ವಸತಿ, ಬೆಳಗಿನ ಒಂದು ತಟ್ಟೆ ಉಪ್ಪಿಟ್ಟು ಏರ್ಪಡಿಸಲು ಸಂಘದಿಂದ ಸಂಘಕ್ಕೆ ಒಂದು ದೂರವಾಣಿ ಕರೆ ಸಾಕು. ಮಕ್ಕಳು ಬೆಳೆದಂತೆ ಸೈಕಲ್ ಚಿಕ್ಕದಾಗುತ್ತದೆ. ಒಂದು ಮನೆಯಲ್ಲಿ ಮೂಲೆ ಸೇರಿದ ಸೈಕಲ್ಲನ್ನು ಸಂಘದ ಮೂಲಕ ಇನ್ನೊಂದು ಮನೆಗೆ ತಲುಪಿಸಬಹುದು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಗೆದ್ದವರ ಜೊತೆಗೆ, ರಾಜ್ಯ ಮಟ್ಟದಲ್ಲಿ ಭಾಗವಹಿಸಿ ಸೋತು ಬಂದ ಮಗುವಿನ ಹೆಸರನ್ನೂ ಕರೆಯಬಹುದು. ಭಾನುವಾರ ಬೆಳಿಗ್ಗೆ ಹತ್ತು ಮಂದಿ ಸದಸ್ಯರು ಗುಡ್ಡದ ಬದಿಗೆ ಹೋಗಿ ನಿಂತು ಕನ್ನಡದಲ್ಲಿ ಹುರಿದುಂಬಿಸಿದರೆ ಅದಕ್ಕೆ ಖರ್ಚೇ ಇಲ್ಲ.

ಓದು ಹಾಳಾಗುತ್ತದೆ, ಕೈಕಾಲು ಮುರಿಯುತ್ತದೆ, ಮುಂದೆ ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಹಿರಿಯರ ಆತಂಕ ನಿರಾಧಾರವೇನಲ್ಲ. ಸೈಕಲ್ ತುಳಿಯುವ ನೂರು ಮಕ್ಕಳಲ್ಲಿ ಚಾಂಪಿಯನ್ ಆಗುವವರು ಒಬ್ಬರೋ ಇಬ್ಬರೋ. ಕ್ರೀಡಾ ಮೀಸಲಿನಲ್ಲಿ ರೈಲ್ವೆಯಂತಹ ಇಲಾಖೆಗಳಲ್ಲಿ ಉದ್ಯೋಗ ಪಡೆದ ಸೈಕಲ್ ಪಟುಗಳಿದ್ದಾರೆ ನಿಜ, ಆದರೆ ಅದು ಎಲ್ಲರಿಗೂ ಸಿಗುವಂತಹದ್ದಲ್ಲ. ಉಳಿದವರಿಗೆ ದಕ್ಕುವುದೇನು? ನಸುಕಿನಲ್ಲಿ ಏಳುವ ಶಿಸ್ತು, ಬಿದ್ದಲ್ಲಿಂದ ತಾನೇ ಏಳುವ ಛಲ, ಕೆಟ್ಟದ್ದನ್ನು ತನ್ನ ಕೈಯಾರೆ ಸರಿಪಡಿಸಿಕೊಳ್ಳುವ ಜಾಣ್ಮೆ. ಬುತ್ತಿ ಕಟ್ಟಿಕೊಂಡು ಗುರುತಿಲ್ಲದ ಊರಿಗೆ ಬಂದು ನೆಲೆ ನಿಂತ ಹಿಂದಿನ ತಲೆಮಾರಿನ ಕನ್ನಡಿಗರಿಗೆ ಈ ಮೂರೂ ಗುಣಗಳ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಮಕ್ಕಳು ಮೈಯೆಲ್ಲ ಕೆಸರು ಮಾಡಿಕೊಳ್ಳಲು ಸಿದ್ಧರಿದ್ದಾರೆ. ಅವರ ಹಿಂದೆ ಪೆಟ್ಟಿಗೆ ಹೊತ್ತು ಊರೂರು ಅಲೆಯುವ ಅಪ್ಪ ಅಮ್ಮಂದಿರೂ ದಣಿದಿಲ್ಲ. ಆ ಭಾರದ ಒಂದು ತುದಿಯನ್ನು ಹಿಡಿಯಲು ಸಂಘಗಳು ಮುಂದೆ ಬರಲಿ. ಈ ವರ್ಷದ ಸನ್ಮಾನ ಪಟ್ಟಿ ಸಿದ್ಧಪಡಿಸುವ ಮುನ್ನ ಕಾರ್ಯಕಾರಿ ಸಮಿತಿಗಳು ಈ ಬಗ್ಗೆ ಒಮ್ಮೆ ಚರ್ಚಿಸಲಿ.